ಹ್ಯಾಂಡ್‌ಬಿಲ್ಲಿನಲ್ಲಿ ಇಲ್ಲದ ಮಾಸ್ತರರು

‘ಈ ಲೇಖನವನ್ನು ಅಳಿಸಬೇಕೆಂಬ ಸೂಚನೆ ಬಂದಿದೆ. ಕಾರಣ: ಗಮನಾರ್ಹವಲ್ಲದ ವ್ಯಕ್ತಿ. ಒಂದು ವಾರದೊಳಗೆ ಚರ್ಚಾಪುಟದಲ್ಲಿ ಅಭಿಪ್ರಾಯ ತಿಳಿಸಿ.’

ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಒಬ್ಬ ನಾಟಕದ ಮಾಸ್ತರರ ಪುಟಕ್ಕೆ ಈ ಫಲಕ ಬಿದ್ದದ್ದನ್ನು ನಾನು ನೋಡಿದ್ದು ಕಾಲೇಜಿನ ಗ್ರಂಥಾಲಯದಲ್ಲಿ, ಊಟದ ಬಿಡುವಿನಲ್ಲಿ. ಬೆಳಗಾವಿಯಲ್ಲಿ ಗ್ರಂಥಪಾಲಕಿಯಾಗಿದ್ದ ನನಗೆ ಆ ವರ್ಷಗಳಲ್ಲಿ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಅಂತರಜಾಲದಲ್ಲಿ ಕನ್ನಡದ ವಿಶ್ವಕೋಶವೊಂದು ಆಗಷ್ಟೇ ಅಂಬೆಗಾಲಿಡುತ್ತಿತ್ತು. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅಳಿಸುವ ಗುಂಡಿ ಮಾತ್ರ ನಮ್ಮಂಥ ಕೆಲವರ ಕೈಯಲ್ಲಿತ್ತು. ನಿರ್ವಾಹಕರು ಎಂದು ನಮಗೆ ಹೆಸರು. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ.

ಬೈಗುಳ ಬರುತ್ತಿದ್ದುದು ಹೆಚ್ಚಾಗಿ ವ್ಯಕ್ತಿಗಳ ಪುಟಗಳಿಂದ. ಜೋಳದ ಮೇಲೋ ನದಿಯ ಮೇಲೋ ಬರೆದದ್ದನ್ನು ತಿದ್ದಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಮನುಷ್ಯರ ಮೇಲೆ ಬರೆದದ್ದನ್ನು ಮುಟ್ಟಿದರೆ ಮುಗಿಯಿತು. ಈ ಫಲಕ ಬೀಳುವುದಕ್ಕೆ ಸ್ವಲ್ಪ ಮುಂಚೆ ನಾನೇ ಒಬ್ಬ ಪುಢಾರಿಯ ಪುಟವನ್ನು ಅಳಿಸಿದ್ದೆ. ‘ದೀನದಲಿತರ ಆಶಾಕಿರಣ, ಯುವಕರ ಕಣ್ಮಣಿ’ ಎಂದು ಶುರುವಾಗುತ್ತಿದ್ದ ಆ ಪುಟವನ್ನು ಉಳಿಸಲು ಆತನ ಹುಡುಗರು ದಂಡುಗಟ್ಟಿ ಬಂದಿದ್ದರು. ಆಧಾರ ಕೇಳಿದರೆ ಹುಟ್ಟುಹಬ್ಬದ ಬ್ಯಾನರಿನ ಫೋಟೋ ಕಳಿಸಿದರು. ಅಂದಿನಿಂದ ನನಗೂ ಹೊಗಳಿಕೆ ಕಂಡರೆ ತಲೆನೋವು ಬರುತ್ತಿತ್ತು.

ಮಾಸ್ತರರ ಪುಟವೂ ಹೊಗಳಿಕೆಯದೇ. ‘ಪರಮಪೂಜ್ಯ’ ಎಂಬುದು ಮೂರು ಕಡೆ ಬಂದಿತ್ತು. ಆದರೆ ನಡುವೆ ಒಂದು ಸಾಲಿತ್ತು: ‘ಓದು ಬಾರದವರಿಗೆ ಬಾಯಿಯಿಂದಲೇ ಪೂರಾ ನಾಟಕ ಕಲಿಸುತ್ತಿದ್ದರು.’ ನಮ್ಮ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ರೈತರೇ ನಾಟಕ ಆಡುತ್ತಾರೆ. ಅದಕ್ಕಾಗಿ ಒಬ್ಬ ಮಾಸ್ತರನನ್ನು ಊರಿಗೆ ಕರೆತಂದು ಇಟ್ಟುಕೊಳ್ಳುತ್ತಾರೆ. ಆತ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಬೇಕು, ಹಾಡು ಹೇಳಿಕೊಡಬೇಕು, ಎಮ್ಮೆ ಕಾಯುವವನನ್ನು ರಾಜನನ್ನಾಗಿ ಮಾಡಬೇಕು. ನಾಟಕ ಮುಗಿದ ಬೆಳಗ್ಗೆ ಪೇಟಿ ಎತ್ತಿಕೊಂಡು ಮುಂದಿನ ಊರಿಗೆ ಹೋಗಬೇಕು. ಇಂಥವರ ಬಗ್ಗೆ ನನ್ನ ಗ್ರಂಥಾಲಯದಲ್ಲಿ ಒಂದು ಪುಸ್ತಕವೂ ಇರಲಿಲ್ಲ.

ಫಲಕ ಹಾಕಿದವರು ಬೆಂಗಳೂರಿನ ಒಬ್ಬ ಎಂಜಿನಿಯರು, ನನ್ನಂತೆಯೇ ನಿರ್ವಾಹಕರು. ಫಲಕ ಹಾಕಿದವರೇ ತೀರ್ಪು ಕೊಡಬಾರದೆಂಬುದು ನಿಯಮ. ಹಾಗಾಗಿ ಅವರು ನನಗೆ ಬರೆದರು: ‘ನಿಮ್ಮ ಕಡೆಯವರು. ಆಧಾರ ಹುಡುಕುವುದು ನಿಮಗೇ ಸುಲಭ. ಚರ್ಚೆ ಮುಗಿದ ಮೇಲೆ ನೀವೇ ತೀರ್ಮಾನ ಹೇಳಿಬಿಡಿ.’ ನಾನು ಒಪ್ಪಿಕೊಂಡೆ. ಒಂದು ವಾರದ ಮಾತಲ್ಲವೇ ಅಂದುಕೊಂಡೆ.

ಮರುದಿನದಿಂದಲೇ ಚರ್ಚಾಪುಟ ತುಂಬತೊಡಗಿತು. ‘ಮಾಸ್ತರು ದೊಡ್ಡವರು, ಅಳಿಸಬಾರದು.’ ‘ನನಗೆ ನಿಂತು ಮಾತಾಡುವ ಧೈರ್ಯ ಬಂದದ್ದು ಮಾಸ್ತರಿಂದ.’ ನಡುವೆ ಯಾರೋ ಒಬ್ಬರು, ಇವರು ಮರಾಠಿ ನಾಟಕವನ್ನೂ ಕಲಿಸಿದವರು, ಕನ್ನಡದ ವಿಶ್ವಕೋಶದಲ್ಲಿ ಇವರಿಗೇನು ಕೆಲಸ ಎಂದು ಕಡ್ಡಿ ಆಡಿಸಿದರು. ಅದಕ್ಕೆ ಒಬ್ಬ ಶಿಷ್ಯ ಕೊಟ್ಟ ಉತ್ತರ ಇನ್ನೂ ನೆನಪಿದೆ: ‘ಖಳನಾಯಕ ಕನ್ನಡದಾಗ ಸತ್ತರೂ ಮರಾಠಿಯೊಳಗ ಸತ್ತರೂ ನಮ್ಮ ಮಂದಿ ಚಪ್ಪಾಳಿ ಹೊಡದಾರ್ರಿ.’ ಆಮೇಲೆ ಆ ತಂಟೆ ಅಲ್ಲಿಗೇ ನಿಂತಿತು.

ಬೆಂಗಳೂರಿನವರಿಗೆ ಬೇರೆಯೇ ಅನುಮಾನ ಬಂತು. ಪುಟ ಉಳಿಸಿ ಎಂದ ಅಷ್ಟೂ ಅಭಿಪ್ರಾಯಗಳು ಒಂದೇ ಅಂತರಜಾಲ ವಿಳಾಸದಿಂದ ಬಂದಿದ್ದವು. ಎಲ್ಲವೂ ಮಧ್ಯಾಹ್ನದ ಹೊತ್ತಿನಲ್ಲೇ ಬಂದಿದ್ದವು. ಎಲ್ಲರೂ ಅದೇ ಅಕ್ಷರಗಳನ್ನು ಅದೇ ರೀತಿ ತಪ್ಪಾಗಿ ಒತ್ತಿದ್ದರು. ಒಬ್ಬನೇ ಮನುಷ್ಯ ಬೇರೆ ಬೇರೆ ಹೆಸರಿನಲ್ಲಿ ಬರೆಯುವುದನ್ನು ನಾವು ಕೈಗೊಂಬೆ ಆಡಿಸುವುದು ಎನ್ನುತ್ತಿದ್ದೆವು. ಅದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಅವರು ಆ ವಿಳಾಸವನ್ನೇ ತಡೆದುಬಿಟ್ಟರು. ಅವರ ಜಾಗದಲ್ಲಿ ನಾನಿದ್ದರೂ ತಡೆಯುತ್ತಿದ್ದೆ. ಆದರೆ ಒಂದೇ ಕೈಯ ತಪ್ಪುಗಳಿದ್ದರೂ ಒಂದೇ ಬಾಯಿಯ ಮಾತುಗಳು ಅವಾಗಿರಲಿಲ್ಲ. ಅದು ನನ್ನನ್ನು ಕೊರೆಯುತ್ತಿತ್ತು. ವಿಳಾಸ ವಡಗಾವಿಯ ಒಂದು ಸೈಬರ್ ಕೆಫೆಯದೆಂದು ಪುಟದ ಇತಿಹಾಸದಲ್ಲಿದ್ದ ಟಿಪ್ಪಣಿಯೊಂದರಿಂದ ಗೊತ್ತಾಯಿತು. ಅದು ಬೆಳಗಾವಿಯೊಳಗಿನದೇ ನೇಕಾರರ ಬಡಾವಣೆ, ಸದಾಶಿವನಗರದ ನನ್ನ ಮನೆಯಿಂದ ಎಷ್ಟು ದೂರ? ರಜೆ ಹಾಕಿ ಹೋದೆ.

ಓಣಿಯಲ್ಲಿ ಕಾಲಿಟ್ಟಾಗ ಎರಡೂ ಕಡೆ ಮಗ್ಗಗಳು ಬಡಿಯುತ್ತಿದ್ದವು. ನಾನು ಕೆಫೆಯ ಬಾಗಿಲಿಗೆ ಬರುವಷ್ಟರಲ್ಲಿ ಒಮ್ಮೆಲೇ ಎಲ್ಲವೂ ನಿಂತವು. ವಿದ್ಯುತ್ ಹೋಗಿತ್ತು. ಹಿಂದೆಯೇ ಮನೆಮನೆಯಿಂದ ನೇಕಾರರು ಹೊರಬಂದು, ಕೈ ಒರೆಸಿಕೊಳ್ಳುತ್ತ ನಾನಿದ್ದ ಕಡೆಗೇ ಬರತೊಡಗಿದರು.

ಕೆಫೆಯ ಮಾಲೀಕ ನಡುವಯಸ್ಸಿನ ಮನುಷ್ಯ. ನಾನು ಯಾರೆಂದು ಹೇಳಿದ ಕೂಡಲೇ ಸ್ಟೂಲು ಎಳೆದು ಕೊಟ್ಟ.

“ಕುಂದರ್ರಿ ಬಾಯಾರ. ನಮ್ಮ ಓಣ್ಯಾಗ ಮಧ್ಯಾಹ್ನ ಕರೆಂಟ್ ತಗೀತಾರ್ರಿ. ಮಗ್ಗ ನಿಂತ್ವು ಅಂದ್ರ ಮಂದಿಗೆ ಕೆಲಸಿಲ್ಲ. ನನ್ನ ಕಡೆ ಬ್ಯಾಟರಿ ಐತಿ, ಹಿಂಗಾಗಿ ಇಲ್ಲೇ ಬರ್ತಾರ. ಕನ್ನಡ ಕಾಣೂದು ಇದೊಂದಽ ಕಂಪ್ಯೂಟರಿನ್ಯಾಗ. ಉಳದದ್ರಾಗ ಬರೀ ಡಬ್ಬಿ ಡಬ್ಬಿ ಬರ್ತಾವ.”

“ಬರಿಯಾವರು ಯಾರು?”

“ನಾನಽ ರಿ. ಅವರು ಹೇಳ್ತಾರ, ನಾ ಬಡೀತೇನಿ. ಈಗ ನಾಕ ದಿನದಿಂದ ಬಡದದ್ದು ಹೋಗವಲ್ದು. ನಿಮ್ಮ ಹಕ್ಕು ತಡೆಹಿಡೀಲಾಗೈತಿ ಅಂತ ಬರ್ತೈತಿ. ಏನ್ ತಪ್ಪ ಮಾಡೇವ್ರಿ ನಾವು?”

ಇಡೀ ಕೈಗೊಂಬೆ ಪ್ರಕರಣ ಇಷ್ಟೇ ಆಗಿತ್ತು. ಬಾಯಿ ಹಲವು, ಬೆರಳು ಒಬ್ಬನವು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಸೆರಗಿಗೆ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಮಾಸ್ತರರ ಮಗಳು. ವಡಗಾವಿಗೆ ಮದುವೆಯಾಗಿ ಬಂದು, ಗಂಡನ ಮಗ್ಗಕ್ಕೆ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಪುಟ ಬರೆಸಿದವಳು ಆಕೆಯೇ.

“ಅಪ್ಪನ್ನ ಅಳಸಾವ್ರು ನೀವಽ ಏನ್ರಿ?” ಎಂದಳು.

“ಅಳಸಬೇಕೋ ಬ್ಯಾಡೋ ನೋಡಾಕ ಬಂದೇನವ್ವಾ” ಅಂದೆ.

ಆಕೆ ನೆಲದ ಮೇಲೆಯೇ ಕೂತಳು. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಪೇಟಿಯನ್ನು ಯಾವುದೋ ಊರಿನವರು ಒಯ್ದಿದ್ದರು. ಇದ್ದ ಒಂದು ಫೋಟೋ ಮಳೆಗಾಲದಲ್ಲಿ ಬೂಸ್ಟು ಹಿಡಿದಿತ್ತು. “ಅಪ್ಪನ ಹೆಸರ ಎಲ್ಲ್ಯೂ ಬರದಿಲ್ರಿ ಬಾಯಾರ. ಒಂದು ಕಡೆ ಬರದಿರಲಿ ಅಂತ ಮಾಡಿದೆ. ಅದಕ್ಕ ಇಷ್ಟ ಪಂಚಾಯ್ತಿ ಆತು.”

ಪಂಚಾಯ್ತಿ ಎಂದು ಆಕೆ ಅಂದದ್ದು ಬಾಯಿಮಾತಿಗಲ್ಲ. ಊರಲ್ಲಿ ನ್ಯಾಯ ಕೂಡಿದಾಗ ಪ್ರತಿಯೊಬ್ಬರೂ ಎದ್ದು ನಿಂತು ತಮಗೆ ಗೊತ್ತಿದ್ದ ಒಂದು ಮಾತು ಹೇಳಬೇಕು. ನ್ಯಾಯ ಗುರುವಿನದಾದರೆ, ಹೇಳದೆ ಉಳಿದವನು ಗುರುವಿಗೆ ಬೆನ್ನು ತಿರುಗಿಸಿದಂತೆ. ಖಾನಾಪುರ ತಾಲೂಕಿನಿಂದ ಬಂದು ವಡಗಾವಿಯಲ್ಲಿ ನೇಯುತ್ತಿದ್ದ ಶಿಷ್ಯರನ್ನೆಲ್ಲ ಆಕೆ ಹೀಗೆ ಕೂಡಿಸಿದ್ದಳು. ನಾನಿದ್ದಾಗಲೇ ಒಬ್ಬ ಮುದುಕ ಟೋಪಿ ತೆಗೆದು ಕಂಪ್ಯೂಟರಿನ ಎದುರು ನಿಂತ. ಅದು ಬರೆಸಿಕೊಳ್ಳುತ್ತಿಲ್ಲ ಎಂದು ಮಾಲೀಕ ಹೇಳಿದರೂ ಕೇಳಲಿಲ್ಲ.

“ನನಗ ಸಾಲಿ ಬರಂಗಿಲ್ಲ. ಮಾಸ್ತರ ಒಂದೊಂದ ಮಾತು ಬಾಯಿಲೇ ಹೇಳಿ ನನ್ನ ಕಡೆಯಿಂದ ನ್ಯಾಯಾಧೀಶನ ಪಾರ್ಟ್ ಮಾಡಿಸಿದ್ರು. ಆವತ್ತ ನಮ್ಮೂರ ಗೌಡ ನನಗ ‘ಬರ್ರಿ’ ಅಂದ. ಅಲ್ಲೀತನಕ ಯಾರೂ ‘ರಿ’ ಹಚ್ಚಿ ಕರದಿದ್ದಿಲ್ಲ.”

ಹೇಳಿ ಮುಗಿಸಿ ಟೋಪಿ ಹಾಕಿಕೊಂಡು ಹೋದ. ಆ ಮಾತನ್ನು ನಾನು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಆತನ ಹೆಸರಿನಲ್ಲಿ ಚರ್ಚಾಪುಟಕ್ಕೆ ಸೇರಿಸಿದೆ.

ಸಂಜೆ ಬೆಂಗಳೂರಿಗೆ ಎಸ್‌ಟಿಡಿ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಆ ಕೂಡಲೇ ತಡೆ ತೆಗೆದರು, ಕ್ಷಮೆಯನ್ನೂ ಕೇಳಿದರು. ಆಮೇಲೆ ಹೇಳಿದರು: “ಆದರೆ ಮೇಡಂ, ಇವರೆಲ್ಲ ನಿಜವಾದ ಜನ ಅಂತ ಗೊತ್ತಾಯ್ತು, ಅಷ್ಟೇ. ಆಧಾರ ಎಲ್ಲಿದೆ? ಆ ಪುಢಾರಿ ಕಡೆಯವರೂ ನಿಜವಾದ ಜನರೇ ಆಗಿದ್ದರಲ್ಲ. ಅವನಿಗೆ ಒಂದು ಅಳತೆ, ಇವರಿಗೆ ಒಂದು ಅಳತೆ ಅಂತ ಮಾಡೋಕಾಗುತ್ತಾ?”

ಆಗುವುದಿಲ್ಲ. ಅದು ನನಗೂ ಗೊತ್ತಿತ್ತು. ನಮ್ಮ ಅಳತೆ ಬಹಳ ಸರಳ. ಆ ವ್ಯಕ್ತಿಗೆ ಬಂಧುವೂ ಶಿಷ್ಯನೂ ಅಲ್ಲದ ಯಾರಾದರೂ ಅವರ ಬಗ್ಗೆ ಬರೆದಿರಬೇಕು, ಅದು ಅಚ್ಚಾಗಿರಬೇಕು. ಇದನ್ನು ಮಗಳಿಗೆ ತಿಳಿಸಿ ಹೇಳಿದಾಗ ಆಕೆ ನನ್ನ ಮುಖವನ್ನೇ ನೋಡಿದಳು.

“ಇಷ್ಟ ಮಂದಿ ಕಣ್ಣಾರೆ ಕಂಡದ್ದು ಸುಳ್ಳು, ಒಂದು ಹಾಳಿ ಖರೇ ಏನ್ರಿ?”

ಚರ್ಚೆಯ ಅವಧಿಯನ್ನು ಇನ್ನೊಂದು ವಾರ ಮುಂದಕ್ಕೆ ಹಾಕಿ, ಹಾಳೆ ಹುಡುಕಲು ಕೂತೆ. ಗ್ರಂಥಾಲಯದಲ್ಲಿ ರಟ್ಟು ಕಟ್ಟಿಸಿಟ್ಟ ಹಳೆಯ ಪತ್ರಿಕೆಗಳನ್ನೆಲ್ಲ ತಿರುವಿದೆ. ನಾಟಕ ಸ್ಪರ್ಧೆಗಳ ಸುದ್ದಿಯಲ್ಲಿ ಊರಿನ ಹೆಸರಿತ್ತು, ಉದ್ಘಾಟಿಸಿದವರ ಹೆಸರಿತ್ತು, ಹಾರ ಹಾಕಿಸಿಕೊಂಡವರ ಹೆಸರಿತ್ತು. ಕಲಿಸಿದವರ ಹೆಸರಿಲ್ಲ. ಒಂದು ಕಡೆ ‘ಜಾಂಬೋಟಿ ಭಾಗದ ಮಾಸ್ತರರೊಬ್ಬರು’ ಎಂದಿತ್ತು. ಯಾವ ಮಾಸ್ತರರು? ಅದನ್ನು ಆಧಾರವೆಂದು ಒಪ್ಪಲು ನನ್ನಿಂದಾಗಲಿಲ್ಲ.

ಉಳಿದದ್ದು ನಾಟಕದ ಹ್ಯಾಂಡ್‌ಬಿಲ್ಲುಗಳು. ಊರ ಮಂದಿ ಅಚ್ಚು ಹಾಕಿಸಿ ಹಂಚುತ್ತಿದ್ದ ಬಣ್ಣದ ಕಾಗದಗಳು ಗಟ್ಟಿ ಆಧಾರವೇನಲ್ಲ. ಆದರೂ ಇಷ್ಟು ಊರುಗಳ ಬಿಲ್ಲುಗಳಲ್ಲಿ ಒಂದೇ ಹೆಸರು ಸಿಕ್ಕರೆ ಚರ್ಚೆಯಲ್ಲಿ ನಿಂತು ವಾದಿಸಬಹುದಿತ್ತು. ಅವುಗಳಲ್ಲಿ ಬಹಳಷ್ಟನ್ನು ಖಾನಾಪುರದ ಒಂದು ಮುದ್ರಣಾಲಯವೇ ಅಚ್ಚು ಹಾಕುತ್ತಿತ್ತು ಎಂದು ಮಗಳು ಹೇಳಿದಳು. ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಕೆಗೆ ಮಾತೋ ಮಾತು. ಅಪ್ಪ ಪೇಟಿ ಕಲಿತದ್ದು ಬೆಳಗಾವಿಗೆ ಬಂದ ಒಂದು ನಾಟಕ ಕಂಪನಿಯಲ್ಲಂತೆ. ಆಮೇಲೆ ಇನ್ನೊಮ್ಮೆ ಸಿಕ್ಕಿದ್ದ ಕೆಫೆಯ ಮುದುಕನ ಪ್ರಕಾರ ಖಾನಾಪುರದ ಗುಡಿಯಲ್ಲಿ. ಎರಡು ಮಾತು ಬಂದಾಗ ಎರಡನ್ನೂ ಬಿಡುವುದು ನನ್ನ ರೂಢಿ. ಹಾಗಂದಾಗ “ನಿಮಗ ಬಿಡೂದಽ ಚಲೋ ಬರ್ತೈತಿ ನೋಡ್ರಿ” ಎಂದು ನಕ್ಕಳು.

ಮುದ್ರಣಾಲಯದಲ್ಲಿ ಇನ್ನೂ ಅಚ್ಚಿನ ಮೊಳೆ ಜೋಡಿಸುವ ಹಳೆಯ ಯಂತ್ರವೇ ಇತ್ತು. ಮಾಲೀಕರು ವಯಸ್ಸಾದವರು, ಮಾಸ್ತರರನ್ನು ಚೆನ್ನಾಗಿ ಬಲ್ಲವರು. ಮಗಳನ್ನು ಕಂಡ ಕೂಡಲೇ “ಬಾರವ್ವಾ, ಮಾಸ್ತರ ಮಗಳು ಬಂದ್ಲು” ಎಂದು ಒಳಗೆ ಚಹಾಕ್ಕೆ ಕೂಗಿದರು. ಹಳೆಯ ಬಿಲ್ಲುಗಳ ಒಂದೊಂದು ಪ್ರತಿಯನ್ನು ನಮೂನೆಗೆಂದು ತಂತಿಗೆ ಚುಚ್ಚಿ ಇಟ್ಟಿದ್ದರು. ತೆಗೆದು ಒಂದೊಂದಾಗಿ ಓದಿದೆ. ನೆತ್ತಿಯ ಮೇಲೆ ದೇವರ ಹೆಸರು. ಕೆಳಗೆ ಪಾತ್ರಧಾರಿಗಳು, ಚಂದಾ ಕೊಟ್ಟವರು, ಪರದೆ ತಂದವರು, ಲೈಟಿನವರು. ಕೊನೆಗೆ ಎಲ್ಲದರಲ್ಲೂ ಒಂದೇ ಸಾಲು: ‘ಪೇಟಿ ಮತ್ತು ದಿಗ್ದರ್ಶನ: ನಮ್ಮ ಪೂಜ್ಯ ಮಾಸ್ತರರು.’

“ಹೆಸರು ಯಾಕ ಹಾಕಿಲ್ರಿ?” ಎಂದೆ. ನನ್ನ ದನಿ ಏರಿತ್ತು.

“ಬಿಲ್ಲು ಹಂಚಿದ ಮ್ಯಾಲ ಕಾಲಾಗ ಬೀಳ್ತಾವಲ್ರಿ ಬಾಯಾರ, ಮಂದಿ ತುಳೀತಾರ. ತುಳಿಯೂ ಕಾಗದದ ಮ್ಯಾಲ ಗುರುವಿನ ಹೆಸರು ಹಾಕಬಾರದು. ಎಲ್ಲಾ ಊರಾವ್ರೂ ಹಂಗಽ ಹೇಳ್ತಿದ್ರು. ನಾನೂ ಹಾಕ್ತಿದ್ದಿಲ್ಲ.”

“ದೇವರ ಹೆಸರು ಹಾಕೀರಲ್ಲಾ ಮತ್ತ?”

“ದೇವರಿಗೆ ರೂಢಿ ಆಗೇತ್ರಿ. ಮಾಸ್ತರು ಮನುಷ್ಯಾರು, ಮನಸಿಗೆ ಹಚ್ಚಿಕೊಳ್ತಾರ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೈಟಿನವನ ಹೆಸರು ಉಳಿದಿದೆ, ಪರದೆ ತಂದವನ ಹೆಸರು ಉಳಿದಿದೆ. ಎಲ್ಲರಿಗಿಂತ ಹೆಚ್ಚು ಯಾರನ್ನು ಗೌರವಿಸಿದರೋ ಅವರ ಹೆಸರೊಂದೇ ಇಲ್ಲ. ನಾವು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಕೂತು ಹೆಸರಿದ್ದರೆ ಮಾತ್ರ ಮನುಷ್ಯ ದೊಡ್ಡವನು ಎಂದು ಅಳೆಯುತ್ತಿದ್ದೆವು. ಇಲ್ಲಿ ಲೆಕ್ಕ ತಲೆಕೆಳಗಾಗಿತ್ತು. ಇದನ್ನು ಬೆಂಗಳೂರಿಗೆ ಹೇಗೆ ಬರೆಯಲಿ?

ಮಗಳು ಬಿಲ್ಲುಗಳನ್ನು ಮತ್ತೊಮ್ಮೆ ತಾನೇ ತಿರುವಿ ನೋಡಿದಳು. ಎಲ್ಲಾದರೂ ಒಬ್ಬರು ಮರೆತು ಹೆಸರು ಹಾಕಿರಬಹುದು ಎಂದು. ಯಾರೂ ಮರೆತಿರಲಿಲ್ಲ. ಆಕೆಯ ಮುಖ ನೋಡಿ ಮಾಲೀಕರಿಗೆ ತಡೆಯಲಾಗಲಿಲ್ಲ.

“ಬಾಯಾರ, ಒಂದ ಮಾತ ಹೇಳ್ಲ್ಯಾ? ಆ ಕಾಲದ ಕಾಗದ ಇನ್ನೂ ಅಟ್ಟದ ಮ್ಯಾಲ ಐತಿ. ಮೊಳಿನೂ ಅವಽ, ಮಶೀನೂ ಅದಽ. ಹೆಸರ ಜೋಡಿಸಿ ನಾಕ ಬಿಲ್ಲ ತಗದ ಕೊಡ್ತೇನಿ. ಹಳೇದಲ್ಲ ಅಂತ ಯಾರ ಅಂತಾರ? ಸುಳ್ಳಲ್ರಿ ಇದು. ಆವಾಗ ಹಾಕಬೇಕಾಗಿತ್ತು, ಈಗ ಹಾಕ್ತೇನಿ, ಅಷ್ಟಽ.”

ಮಗಳು ನನ್ನ ಕಡೆ ನೋಡಿದಳು. ನನಗೆ ಆಸೆಯಾಯಿತು. ಖಂಡಿತ ಆಯಿತು. ಆ ಕಾಗದವನ್ನು ಬೆಂಗಳೂರಿನವರು ಪ್ರಶ್ನಿಸುತ್ತಿರಲಿಲ್ಲ, ನಾನು ನೋಡಿದ್ದೇನೆ ಎಂದರೆ ಸಾಕಿತ್ತು. ಅದರಲ್ಲಿ ಬರೆದಿರುವ ಮಾತೂ ಸತ್ಯವೇ. ಕಾಗದದ ವಯಸ್ಸು ಮಾತ್ರ ಸುಳ್ಳು.

“ಬ್ಯಾಡ್ರಿ” ಅಂದೆ. “ನಾಳೆ ಯಾರರ ಒಬ್ಬರು ಇದನ್ನ ಹಿಡದ್ರ, ಅವರ ಹೆಸರಿನ ಬಾಜು ‘ಖೋಟಾ’ ಅನ್ನೂ ಶಬ್ದ ಕಾಯಂ ಕುಂದರತೈತಿ. ಈಗ ಹೆಸರಿಲ್ಲ, ಅಷ್ಟಽ. ಕೆಟ್ಟ ಹೆಸರು ಬ್ಯಾಡ.”

ಮಾಲೀಕರು ತಲೆ ಅಲ್ಲಾಡಿಸಿ ಬಿಲ್ಲುಗಳನ್ನು ಮತ್ತೆ ತಂತಿಗೆ ಚುಚ್ಚಿದರು. ತಿರುಗಿ ಬರುವಾಗ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೆಳಗಾವಿ ಹತ್ತಿರ ಬಂದಾಗ ಒಮ್ಮೆ ಮಾತಾಡಿದಳು. “ನೀವು ಅಂದದ್ದು ಖರೇ ಐತಿ. ಆದ್ರೂ ನನಗ ನಿಮ್ಮ ಮ್ಯಾಲ ಸಿಟ್ಟ ಬಂದೈತ್ರಿ.” ಬರಲಿ ಅಂದುಕೊಂಡೆ.

ಅವಧಿ ಮುಗಿಯಿತು. ನಾನು ತೀರ್ಮಾನ ಬರೆಯಬೇಕಿತ್ತು. ಕಾರಣ ಕೊಡಲು ಸಿದ್ಧ ವಾಕ್ಯಗಳ ಒಂದು ಪಟ್ಟಿ ಇರುತ್ತಿತ್ತು, ಅದರಿಂದ ‘ಗಮನಾರ್ಹವಲ್ಲದ ವ್ಯಕ್ತಿ’ ಎಂಬುದನ್ನು ಆರಿಸಿ ಗುಂಡಿ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಪುಢಾರಿಗೆ ಹಾಗೆಯೇ ಮಾಡಿದ್ದೆ. ಈ ಸಲ ಪಟ್ಟಿಯನ್ನು ಬಿಟ್ಟೆ. ಖಾಲಿ ಜಾಗದಲ್ಲಿ ನಾನೇ ಬರೆದೆ: ‘ಅಳಿಸಲಾಗಿದೆ. ಈ ವ್ಯಕ್ತಿ ಗಮನಾರ್ಹರಲ್ಲ ಎಂದು ಈ ತೀರ್ಮಾನ ಹೇಳುವುದಿಲ್ಲ. ಬಂಧುಗಳೂ ಶಿಷ್ಯರೂ ಅಲ್ಲದವರು ಇವರ ಬಗ್ಗೆ ಬರೆದು ಅಚ್ಚಾದ ಒಂದು ಸಾಲೂ ನಮಗೆ ಸಿಗಲಿಲ್ಲ. ಸಿಕ್ಕ ದಿನ ಪುಟವನ್ನು ಮರಳಿ ತರಬಹುದು.’ ಒತ್ತಿದೆ. ಪುಟ ಹೋಯಿತು. ಬೆಂಗಳೂರಿನವರು ಕೆಳಗೆ ಒಂದು ಸಾಲು ಬರೆದರು: ‘ಇನ್ನು ಮುಂದೆ ಎಲ್ಲರೂ ಕಾರಣವನ್ನು ಹೀಗೆಯೇ ಬರೆಯೋಣ.’

ಕೆಲವು ದಿನ ಬಿಟ್ಟು ಮಗಳು ಗ್ರಂಥಾಲಯಕ್ಕೆ ಬಂದಳು. ಬೈಯಲು ಬಂದಿರಬೇಕು ಅಂದುಕೊಂಡೆ.

“ಎಲ್ಲೈತ್ರಿ ಈಗ ಅಪ್ಪಂದು?” ಎಂದಳು.

ಪುಟ ಹೋದರೂ ಚರ್ಚೆಯನ್ನು ನಾವು ಅಳಿಸುವುದಿಲ್ಲ. ಅದನ್ನು ತೆರೆದು ತೋರಿಸಿದೆ. ಆಕೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಹೋದಳು. ಮುದುಕನ ಮಾತಿಗೆ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೊನೆಗೆ ನನ್ನ ತೀರ್ಮಾನ ಬಂತು. ಅದನ್ನು ಎರಡು ಸಲ ಓದಿದಳು.

“ಬಂಧುಗಳೂ ಶಿಷ್ಯರೂ ಅಲ್ಲದವರು ಅಂದ್ರ ಯಾರ್ರಿ? ಅಪ್ಪನ್ನ ಬಲ್ಲವರೆಲ್ಲಾ ಒಂದೋ ಬಳಗ, ಇಲ್ಲಾ ಶಿಷ್ಯಾರು.”

“ಹೊರಗಿನವರು ಯಾರರ. ತಾವಽ ಕೇಳಿ, ತಿರಗ್ಯಾಡಿ, ವಿಚಾರಿಸಿ ಬರದವರು.”

ಆಕೆ ಪರದೆಯ ಮೇಲಿದ್ದ ಬೆರಳನ್ನು ನನ್ನ ಕಡೆ ತಿರುಗಿಸಿದಳು. “ನೀವು ಬಳಗಲ್ಲ. ಶಿಷ್ಯಾರಲ್ಲ. ಅಪ್ಪನ ಮಾರೀನೂ ನೋಡಿಲ್ಲ. ಕೇಳೀರಿ, ತಿರಗ್ಯಾಡೀರಿ. ಮತ್ತ್ಯಾಕ ಕುಂತೀರಿ? ನೀವಽ ಬರೀರಿ. ಅಚ್ಚ ಹಾಕಸ್ರಿ.”

ಅಂದು ನಾನು ಏನೇನೋ ಹೇಳಿದೆ. ನಾನೇ ಬರೆದು, ನಾನೇ ಆಧಾರವೆಂದು ಒಪ್ಪಿ, ನಾನೇ ಪುಟ ಮರಳಿ ತರಲು ಬರುವುದಿಲ್ಲ ಎಂದೆ. 

“ಹಂಗಾರ ಆ ಗುಂಡಿ ಬಿಟ್ಟ ಮ್ಯಾಲ ಬರೀರಿ” ಎಂದು ಹೇಳಿ ಎದ್ದು ಹೋದಳು.

ಆ ಗುಂಡಿ ಈಗ ನನ್ನ ಕೈಯಲ್ಲಿಲ್ಲ. ಬಿಟ್ಟು ಬಹಳ ಕಾಲವಾಯಿತು. ಅಚ್ಚಿಗೆ ಕೊಡುತ್ತಿರುವ ಈ ಬರಹವನ್ನು ಆಧಾರವೆಂದು ಒಪ್ಪುವುದೋ ಬಿಡುವುದೋ ಈಗ ಇರುವವರಿಗೆ ಸೇರಿದ್ದು, ನಾನು ಶಿಫಾರಸು ಮಾಡುವುದಿಲ್ಲ. ಇಬ್ಬರು ಮೂವರ ಬಾಯಲ್ಲಿ ಬೇರೆ ಬೇರೆಯಾಗಿ ಕೇಳಿ ತಾಳೆಯಾದದ್ದನ್ನು ಮಾತ್ರ ಬರೆಯುತ್ತೇನೆ. ಹುಟ್ಟಿದ ವರ್ಷ ಗೊತ್ತಿಲ್ಲ. ಪೇಟಿ ಎಲ್ಲಿ ಕಲಿತರೆಂಬುದರಲ್ಲಿ ಎರಡು ಮಾತಿದೆ. ಜಾಂಬೋಟಿ ಹತ್ತಿರದ ಹಳ್ಳಿಯೊಂದರ ದನಗಾಹಿ ಮನೆತನದಲ್ಲಿ ಹುಟ್ಟಿ, ಖಾನಾಪುರ ತಾಲೂಕಿನ ಊರೂರು ತಿರುಗಿ, ಕನ್ನಡ ಮರಾಠಿ ಎರಡರಲ್ಲೂ, ಓದು ಬಾರದವರಿಗೆ ಬಾಯಿಯಿಂದಲೇ ನಾಟಕ ಕಲಿಸಿದ ಆ ಮಾಸ್ತರರ ಹೆಸರು ಬಾಳಪ್ಪ ಸೋಮಪ್ಪ ಹಣಬರ.